ಕೊಟ್ಟಿಗೆ ಗೋಡೆ ಹೇಳಿಕೊಟ್ಟ ಸೊಂಟದ ಪಾಠ

ಬೆಂಗಳೂರಿನ ಗಾಲ್ಫ್ ಕೋಚ್ ಮೂರು ತಿಂಗಳಿಂದ ಒಂದೇ ಮಾತು ಹೇಳುತ್ತಿದ್ದರು. "ಕೈಯಲ್ಲಿ ಹೊಡೀಬೇಡಿ, ಸೊಂಟ ತಿರುಗಿಸಿ." ನಾನೂ ತಿರುಗಿಸುತ್ತಲೇ ಇದ್ದೆ. ಚೆಂಡು ಮಾತ್ರ ಮೇಲೇಳದೆ ಹುಲ್ಲಿನ ಮೇಲೆ ಇಲಿಯ ಹಾಗೆ ಓಡುತ್ತಿತ್ತು.

ಈ ಹುಚ್ಚು ಹತ್ತಿದ್ದು 2021ರ ಆಗಸ್ಟ್ 7ರಂದು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಅವತ್ತಿನವರೆಗೆ ಗಾಲ್ಫ್ ಎಂದರೆ ಟಿವಿಯಲ್ಲಿ ಚಾನೆಲ್ ಬದಲಿಸುವಾಗ ಸಿಗುವ ಆಟ ಅಷ್ಟೇ ಆಗಿತ್ತು.

ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಚೆಂಡು ಹೊಡೆಯುವ ಕೋಲು, ಏಳನೇ ನಂಬರ್ ಕ್ಲಬ್ಬೂ ಜೊತೆಗೆ ಬಂದಿತ್ತು. ಆದರೆ ಮಳೆ ಬಿಡಬೇಕಲ್ಲ! ಅಂಗಳದ ತುಂಬ ಹಾವಸೆ, ಕಾಲಿಟ್ಟರೆ ಜಾರಿ ಬೀಳುವುದೇ. ಜಗಲಿಯಲ್ಲಿ ಬೀಸಿದರೆ ಕ್ಲಬ್ಬು ಜಂತಿಗೆ ಬಡಿಯುತ್ತದೆ. ಉಳಿದಿದ್ದು ಕೊಟ್ಟಿಗೆಯ ಸೂರಿನ ಕೆಳಗಿನ ಜಾಗ. ಕೋಚ್ ಹೇಳಿದ್ದ ಒಂದು ಅಭ್ಯಾಸಕ್ಕೆ ಅಷ್ಟು ಸಾಕಿತ್ತು. ಕ್ಲಬ್ ಬೇಡ, ಚೆಂಡು ಬೇಡ. ಕೈ ಎರಡನ್ನೂ ಎದೆಯ ಮೇಲೆ ಕಟ್ಟಿ, ಸ್ವಲ್ಪ ಬಗ್ಗಿ, ಗೋಡೆಗೆ ಕುಂಡೆ ತಾಗಿಸಿ ನಿಲ್ಲುವುದು. (ಬೇರೆ ಶಬ್ದ ಹುಡುಕಿದೆ, ಇದೇ ಸರಿ.) ಹಿಂದಕ್ಕೆ ತಿರುಗುವಾಗ ಬಲ ಕುಂಡೆ ಗೋಡೆಗೆ ಒತ್ತಬೇಕು. ಹೊಡೆಯಲು ಬರುವಾಗ ಎಡದ್ದು ಬಂದು ಗೋಡೆಗೆ ತಾಗಬೇಕು.

ನಮ್ಮದು ಕೆಮ್ಮಣ್ಣು ಬಳಿದ ಗೋಡೆ. ಮಳೆಗೆ ತೇವ ಹಿಡಿದಿತ್ತು. ನಾನು ತೊಟ್ಟಿದ್ದು ಬಿಳಿ ಚಡ್ಡಿ. ಹತ್ತು ನಿಮಿಷ ತಿರುಗಿ, ಚಡ್ಡಿ ಬಿಚ್ಚಿ ನೋಡಿದರೆ ಬಲಗಡೆ ಪೂರ್ತಿ ಕೆಂಪು, ಎಡಗಡೆ ಮೊದಲು ತಾಗಿಸಿ ನಿಂತಾಗಿನ ಒಂದು ಸಣ್ಣ ಗುರುತು ಅಷ್ಟೇ!

ಮೂರು ತಿಂಗಳು ಅರ್ಥವಾಗದ್ದು ಅಲ್ಲೇ ಅರ್ಥವಾಯಿತು. ನಾನು ಹಿಂದಕ್ಕೇನೋ ತಿರುಗುತ್ತಿದ್ದೆ. ಬರುವಾಗ ಸೊಂಟ ತಿರುಗಿಸುವ ಬದಲು ಚೆಂಡಿನ ಕಡೆಗೆ ತಳ್ಳುತ್ತಿದ್ದೆ. ಸೊಂಟ ಮುಂದೆ ಬಂದರೆ ಕೈ ಬೀಸಲು ಜಾಗ ಎಲ್ಲಿ? ಮೈ ನೆಟ್ಟಗಾಗುತ್ತದೆ, ಕ್ಲಬ್ಬು ಚೆಂಡಿನ ತಲೆ ಸವರಿ ಹೋಗುತ್ತದೆ. ಕ್ಲಬ್ಬು ಮೇಲಿನಿಂದ ಚೆಂಡಿಗೆ ಬರಲು ಹೆಚ್ಚುಕಮ್ಮಿ ಕಾಲು ಸೆಕೆಂಡು. ಅಷ್ಟರಲ್ಲಿ ಸೊಂಟ ಏನು ಮಾಡಿತು ಅಂತ ಯಾರಿಗೆ ಗೊತ್ತಾಗುತ್ತದೆ? ನಾನಂತೂ ಚೆನ್ನಾಗೇ ತಿರುಗುತ್ತಿದ್ದೇನೆ ಅಂದುಕೊಂಡಿದ್ದೆ.

ಕಾಯಿಲೆ ಗೊತ್ತಾಯಿತು, ಮದ್ದು ಗೊತ್ತಿರಲಿಲ್ಲ. ಜಗಲಿಯಲ್ಲಿ ಕವಳ ಹಾಕುತ್ತ ದೊಡ್ಡಪ್ಪ ಎಲ್ಲ ನೋಡುತ್ತಿದ್ದ. ಹರೆಯದಲ್ಲಿ ಯಕ್ಷಗಾನದ ವೇಷ ಕಟ್ಟಿದವನು. ಗಾಲ್ಫ್ ಅವನಿಗೆ ಬೇಕಿಲ್ಲ, ಹೆಜ್ಜೆ ತಪ್ಪಿದರೆ ಸುಮ್ನಿರಲಾರ.

"ತಮಾ, ಹಿಮ್ಮಡಿ ನೆಲಕ್ಕೆ ಕಚ್ಕಂಡ್ರೆ ಸೊಂಟ ಎಲ್ಲಿಂದ ತಿರುಗ್ತು?"

ನೋಡಿದರೆ ಹೌದು. ಬಲಗಾಲು ಕಂಬದ ಹಾಗೆ ನಿಂತಿತ್ತು. ಮೈಭಾರ ಪೂರ್ತಿ ಅದರ ಮೇಲೇ ಇತ್ತು. ಮೊದಲು ಭಾರವನ್ನು ಎಡಗಾಲಿಗೆ ಬಿಟ್ಟೆ. ಬಲ ಹಿಮ್ಮಡಿ ತಾನಾಗೇ ಎದ್ದಿತು, ಎಡ ಕುಂಡೆ ಹಿಂದೆ ಹೋಗಿ ಗೋಡೆಗೆ ತಾಗಿತು. ತಳ್ಳುವುದೇ ಬೇಕಾಗಲಿಲ್ಲ. ಊಟಕ್ಕೆ ಕರೆಯುವವರೆಗೂ ಅದನ್ನೇ ಮಾಡಿದೆ. ಕೋಚ್ ಲೆಕ್ಕದಲ್ಲಿ ಹಿಂದಕ್ಕೆ ಹೋಗುವಾಗ ಭುಜ ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧ, 45 ತಿರುಗಬೇಕು. ದಿನವಿಡೀ ಕುರ್ಚಿಯಲ್ಲಿ ಕೂರುವ ನನ್ನ ಸೊಂಟ 30ಕ್ಕೇ ಲಟಕ್ ಎನ್ನುತ್ತದೆ, ಅದು ಬೇರೆ ಕತೆ.

ಬೆಂಗಳೂರಿಗೆ ಬಂದು ರೇಂಜ್‌ನಲ್ಲಿ, ಅಂದರೆ ಹೊಡೆತ ಅಭ್ಯಾಸ ಮಾಡುವ ಮೈದಾನದಲ್ಲಿ, ಹೊಡೆದೆ. ಚೆಂಡು ಎದ್ದಿತು! ಆದರೆ ಬಲಕ್ಕೆ ತಿರುಗಿ ಪಕ್ಕದ ಬಲೆಗೆ ಬಿತ್ತು. ಹುರುಪಿನಲ್ಲಿ ಸೊಂಟ ಜಾಸ್ತಿ ಬೇಗ ತಿರುಗಿ, ಕೈ ಹಿಂದೆ ಉಳಿದಿತ್ತು. ಸೊಂಟ, ಎದೆ, ಕೈ, ಕೊನೆಗೆ ಕ್ಲಬ್ಬು: ಒಂದರ ಹಿಂದೆ ಒಂದು ಬರಬೇಕಂತೆ. ಸೊಂಟ ಮೊದಲು ಹೊರಡಬೇಕು ನಿಜ, ಉಳಿದವರನ್ನು ಬಿಟ್ಟು ಓಡಬಾರದು. ಈಗ ಹತ್ತರಲ್ಲಿ ನಾಲ್ಕು ನೆಟ್ಟಗೆ ಹೋಗುತ್ತವೆ.

ಊರಿಂದ ಆಯಿಯ ಫೋನು ಬಂದಿತ್ತು. ಚಡ್ಡಿಯ ಕಲೆ ಹೋಗಿಲ್ಲವಂತೆ. ಕೊಟ್ಟಿಗೆ ಗೋಡೆಯಲ್ಲಿ ಎರಡು ಕಡೆ ಮಣ್ಣು ಕಿತ್ತು ಬಂದಿದೆಯಂತೆ. ದೀಪಾವಳಿಗೆ ಗೋಪೂಜೆಯ ಒಳಗೆ ನಾನೇ ಬಂದು ಬಳಿದು ಕೊಡಬೇಕಂತೆ.