ಮುರಿದವನ ಮೇಲೆ ಮೂರು ವರ್ಷ, ಮುರಿಸಿದವನ ಮೇಲೆ ಒಂದೇ ವರ್ಷ

ಕಲಬುರಗಿಯಲ್ಲಿ ಸಿವಿಲ್ ವಕೀಲಿಕೆ ಮಾಡುತ್ತೇನೆ. ನನ್ನ ಕೈಯಲ್ಲೇ ಕೆಟ್ಟ ಒಂದು ಕೇಸನ್ನು ಇಲ್ಲಿ ಬರೆಯುತ್ತಿದ್ದೇನೆ. ಈಚೆಗೆ ಸನ್ನದು ಪಡೆದು ಬಂದವರಿಗೂ ಗಂಜಿನಲ್ಲಿ (ಧಾನ್ಯದ ಸಗಟು ಮಾರುಕಟ್ಟೆಯಲ್ಲಿ) ವ್ಯಾಪಾರ ಮಾಡುವವರಿಗೂ ಇದು ಗೊತ್ತಿರಬೇಕು.

ಶರಣಬಸವೇಶ್ವರ ಜಾತ್ರೆ ಮುಗಿದ ಮರುವಾರ ದಾಲ್ ಮಿಲ್ ನಡೆಸುವವರೊಬ್ಬರು ಬಂದರು. ಒಬ್ಬ ಅಡತಿ ವ್ಯಾಪಾರಿಯ ಜೊತೆ 200 ಕ್ವಿಂಟಲ್ ತೊಗರಿಗೆ ಸೌದಾ ಆಗಿತ್ತು. ಕರಾರು ಪತ್ರ ಇತ್ತು, ಇಸಾರ (ಮುಂಗಡ ಹಣ) ಕೊಟ್ಟಿದ್ದರು. ಎಳ್ಳಮಾವಾಸ್ಯೆ ದಾಟಿ ಜನವರಿ 28ಕ್ಕೆ ಮಾಲು ಬರಬೇಕಿತ್ತು. ಅಂದು ಲಾರಿ ಇವರ ಮಿಲ್ಲಿನ ಬದಲು ಇನ್ನೊಂದು ಮಿಲ್ಲಿಗೆ ಹೋಯಿತು. ಗಂಜಿನ ಅಂದಿನ ದರ ಕರಾರಿನ ದರಕ್ಕಿಂತ ಕ್ವಿಂಟಲ್‌ಗೆ 600 ರೂಪಾಯಿ ಹೆಚ್ಚಿತ್ತು.

"ಸೌದಾ ಮುರದಾಂವ ಇರ್ಲಿ ಬಿಡ್ರಿ ವಕೀಲ್ರ, ಅಂವ ಸಣ್ಣಾಂವ. ಮುರಿಸಿದಾಂವ್ನ ಕೋರ್ಟಿಗಿ ಎಳೀರಿ" ಅಂದರು.

ಅವರ ಮಾತಿನಲ್ಲಿ ಕಾನೂನು ಸರಿಯಾಗಿಯೇ ಇತ್ತು. ಕರಾರು ಮುರಿದವನ ಮೇಲೆ 1872ರ ಕಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 73ರಲ್ಲಿ ಪರಿಹಾರ ಕೇಳಬಹುದು. ಕರಾರಿಗೆ ಸಹಿ ಹಾಕದೆ, ಹೊರಗೆ ನಿಂತು ಅದನ್ನು ಮುರಿಸಿದವನ ಮೇಲೆ ಹೂಡುವ ದಾವೆ ಬೇರೆ. ಅದು ಟಾರ್ಟ್, ಅಂದರೆ ಕರಾರಿಲ್ಲದಿದ್ದರೂ ಒಬ್ಬ ಮಾಡಿದ ತಪ್ಪಿನಿಂದ ಇನ್ನೊಬ್ಬನಿಗಾದ ನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆ. ಇದರ ಬೇರು ಲಂಡನ್ನಿನ ಎರಡು ಒಪೆರಾ ರಂಗಮಂದಿರಗಳ ಜಗಳದಲ್ಲಿದೆ. ಜೊಹಾನಾ ವಾಗ್ನರ್ ಎಂಬ ಗಾಯಕಿ ಲಮ್ಲಿ ಎಂಬುವರ ರಂಗಮಂದಿರದಲ್ಲಿ ಮಾತ್ರ ಹಾಡುವುದಾಗಿ ಒಪ್ಪಿಕೊಂಡಿದ್ದರು. ಕೋವೆಂಟ್ ಗಾರ್ಡನ್ನಿನ ಗೈ ಹೆಚ್ಚು ಹಣದ ಆಸೆ ತೋರಿಸಿ ಕರೆದುಕೊಂಡರು. ಗೊತ್ತಿದ್ದೂ ಕರಾರು ಮುರಿಸಿದವನ ಮೇಲೆ ದಾವೆ ನಡೆಯುತ್ತದೆ ಎಂದು 1853ರಲ್ಲಿ ಅಲ್ಲಿನ ಕೋರ್ಟು ಹೇಳಿತು. ಆದರೆ ಆಮೇಲೆ ವಿಚಾರಣೆಯಲ್ಲಿ ಗೆದ್ದದ್ದು ಗೈ. ಆ ಕರಾರು ಗಾಯಕಿಯನ್ನು ಕಟ್ಟಿಹಾಕುವುದಿಲ್ಲ ಎಂದು ಅವರು ನಿಜವಾಗಿ ನಂಬಿದ್ದರು ಅಂತ ಜ್ಯೂರಿ ಒಪ್ಪಿತು.

ಅಂದರೆ ಇಡೀ ದಾವೆ ನಿಲ್ಲುವುದು ಎದುರಿನವನಿಗೆ ಏನು ಗೊತ್ತಿತ್ತು ಎಂಬುದರ ಮೇಲೆ. ಬರೀ ಹೆಚ್ಚು ದರ ಕೂಗಿದರೆ ಅದು ವ್ಯಾಪಾರ, ಅದಕ್ಕೆ ಯಾರೂ ಕೋರ್ಟಿಗೆ ಹೋಗಲಾಗದು. ಮೊದಲೇ ಒಂದು ಕರಾರಿದೆ ಎಂದು ತಿಳಿದಿರಬೇಕು, ಅದನ್ನು ಮುರಿಸಬೇಕೆಂದೇ ಪ್ರೇರೇಪಿಸಿರಬೇಕು, ಕರಾರು ನಿಜವಾಗಿ ಮುರಿದಿರಬೇಕು, ಅದರಿಂದ ನಷ್ಟವೂ ಆಗಿರಬೇಕು.

ನಮ್ಮ ಹತ್ತಿರ ಪುರಾವೆ ಇತ್ತು! ಲಾರಿ ಹೋಗಿದ್ದ ಆ ಇನ್ನೊಂದು ಮಿಲ್ಲಿನವರು ಅಡತಿ ಅಂಗಡಿಯ ಮುನೀಮನಿಗೆ ಕಳಿಸಿದ್ದ ವಾಟ್ಸಾಪ್ ಧ್ವನಿ: "ಅವ್ರ ಕರಾರ ನಂಗ ಗೊತ್ತದ. ಇಸಾರ ವಾಪಸ್ ಒಗೀರಿ, ಮುಂದಿಂದು ನಾ ನೋಡ್ಕೋತೀನಿ." ಮುನೀಮ ಅದನ್ನು ನಮ್ಮ ಕಕ್ಷಿದಾರರಿಗೆ ಫಾರ್ವರ್ಡ್ ಮಾಡಿದ್ದ. ಇಂಥ ಸಾಕ್ಷ್ಯ ಸಿಗುವುದು ಅಪರೂಪ. ನಾನು ಎಡವಿದ್ದೂ ಅಲ್ಲೇ. ಪುರಾವೆ ಗಟ್ಟಿ ಮಾಡುವುದರಲ್ಲಿ ಮುಳುಗಿಬಿಟ್ಟೆ. ಮುನೀಮನ ಮೂಲ ಫೋನು ಬೇಕು, ಫೋನಿನಂಥ ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟು ಒಪ್ಪಲು ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕು (2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್). ಅವನು ಇವತ್ತು ಬರ್ತೀನಿ, ನಾಳೆ ಬರ್ತೀನಿ ಅನ್ನುತ್ತ ತಿಂಗಳುಗಟ್ಟಲೆ ಓಡಾಡಿಸಿದ. ನಡುವೆ ಎರಡು ನೋಟಿಸು ಕಳಿಸಿದೆ. ಗಂಜಿನ ಹಿರಿಯರು ಕೂಡಿಸಿ ಮಾತಾಡುತ್ತೇವೆ ಅಂದರು, ಅದಕ್ಕೂ ಕಾದೆವು. ಕಕ್ಷಿದಾರರು ಕೇಳಿದಾಗಲೆಲ್ಲ "ಮೂರು ವರ್ಷ ಟೈಮ್ ಅದರಿ" ಅಂದೆ. ಕರಾರಿನ ದಾವೆಗೆ ಮೂರು ವರ್ಷ ಎಂಬುದು ತಲೆಯಲ್ಲಿ ಕೂತಿತ್ತು. ಪುಸ್ತಕ ತೆಗೆದು ನೋಡಲೇ ಇಲ್ಲ.

ಮುಂದಿನ ಫೆಬ್ರವರಿ ಎರಡನೇ ವಾರ ವಾದಪತ್ರದ ಕರಡನ್ನು ನಮ್ಮ ಸೀನಿಯರ್ ಮುಂದೆ ಇಟ್ಟೆ. ಅವರು ಮೊದಲ ಪುಟ ಓದಿ, "ಮುರಿದದ್ದು ಯಾವ ತಾರೀಖಿಗಿ?" ಅಂದರು. ಹೇಳಿದೆ. ಎದ್ದು ಹೋಗಿ, ಯಾವ ದಾವೆಯನ್ನು ಎಷ್ಟು ಅವಧಿಯೊಳಗೆ ಹೂಡಬೇಕೆಂದು ಹೇಳುವ 1963ರ ಲಿಮಿಟೇಶನ್ ಕಾಯ್ದೆ ತಂದು, ಅನುಸೂಚಿಯ 78ನೇ ಆರ್ಟಿಕಲ್ ಮೇಲೆ ಬೆರಳಿಟ್ಟರು. ವಾದಿಯ ಜೊತೆಗಿನ ಕರಾರನ್ನು ಮುರಿಯಲು ಒಬ್ಬನನ್ನು ಪ್ರೇರೇಪಿಸಿದ್ದಕ್ಕೆ ಪರಿಹಾರ: ಒಂದು ವರ್ಷ, ಕರಾರು ಮುರಿದ ದಿನದಿಂದ.

ಹದಿನೈದು ದಿನದಷ್ಟು ತಡವಾಗಿತ್ತು.

ನೋಟಿಸು ಕಳಿಸಿದರೆ ಈ ಅವಧಿ ನಿಲ್ಲುವುದಿಲ್ಲ. ಹಿರಿಯರ ಮಾತುಕತೆಗೂ ನಿಲ್ಲುವುದಿಲ್ಲ. ತಡ ಮನ್ನಿಸಿ ಎಂದು ಕೇಳುವ ಸೆಕ್ಷನ್ 5 ಮೇಲ್ಮನವಿ, ಅರ್ಜಿಗಳಿಗೆ ಮಾತ್ರ, ದಾವೆಗೆ ಅಲ್ಲ. ಎದುರಿನವರು ತಕರಾರು ಎತ್ತದಿದ್ದರೂ ಸೆಕ್ಷನ್ 3ರ ಪ್ರಕಾರ ಕೋರ್ಟು ತಾನಾಗಿಯೇ ವಜಾ ಮಾಡಬೇಕು. ಕರಾರು ಮುರಿದ ಅಡತಿ ವ್ಯಾಪಾರಿಯ ಮೇಲೆ ಮಾತ್ರ 55ನೇ ಆರ್ಟಿಕಲ್ ಪ್ರಕಾರ ಮೂರು ವರ್ಷ ಇತ್ತು. ದರದ ಫರಕು 1,20,000 ರೂಪಾಯಿ ಮತ್ತು ಇಸಾರಕ್ಕೆ ಆ ದಾವೆ ಉಳಿದಿತ್ತು.

ಮರುದಿನ ಬೆಳಿಗ್ಗೆ ನಾನೇ ಮಿಲ್ಲಿಗೆ ಹೋದೆ. ಫೋನಿನಲ್ಲಿ ಹೇಳುವ ಸುದ್ದಿ ಅಲ್ಲ ಅದು. ಕಕ್ಷಿದಾರರು ಯಂತ್ರ ನಿಲ್ಲಿಸಿ ಕೂತು ಕೇಳಿದರು. ತಪ್ಪು ನನ್ನದು, ಫೀಸು ವಾಪಸ್ ತಂದಿದ್ದೇನೆ, ಬೇರೆ ವಕೀಲರ ಹತ್ತಿರ ಹೋಗುವುದಿದ್ದರೆ ಫೈಲು ಇವತ್ತೇ ಕೊಡುತ್ತೇನೆ ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ಮೂರು ವರ್ಷ ಅದ ಅಂದಿದ್ರಲ್ರಿ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಣ ತೆಗೆದುಕೊಂಡರು, ಫೈಲು ನನ್ನ ಹತ್ತಿರವೇ ಬಿಟ್ಟರು.

ಅಂದಿನಿಂದ ಕರಾರಿನ ಯಾವ ಕೇಸು ಬಂದರೂ ಫೈಲಿನ ಹೊದಿಕೆಯ ಮೇಲೆ ಎರಡು ತಾರೀಖು ಬರೆಯುತ್ತೇನೆ, ಮುರಿದವನಿಗೆ ಒಂದು, ಮುರಿಸಿದವನಿಗೆ ಒಂದು. ಬರೆದಾದ ಮೇಲೆಯೇ ಕಕ್ಷಿದಾರರಿಗೆ ಚಹಾ ಹೇಳುವುದು. ಧ್ವನಿ, ಪ್ರಮಾಣಪತ್ರ, ಮುನೀಮ ಎಲ್ಲ ಆಮೇಲೆ. ವ್ಯಾಪಾರಸ್ಥರೂ ಇಷ್ಟು ಮಾಡಿ: ಸೌದಾ ಯಾರೋ ಮುರಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಕರಾರಿನ ಪ್ರತಿ ಸಮೇತ ಅವರಿಗೊಂದು ನೋಟಿಸು ಕೊಡಿಸಿ. ಗೊತ್ತಿರಲಿಲ್ಲ ಎಂದು ಅವರು ಮುಂದೆ ಹೇಳಲಾಗದು.

ಅಡತಿ ವ್ಯಾಪಾರಿಯ ಮೇಲಿನ ವಾದಪತ್ರಕ್ಕೆ ಸಹಿ ಹಾಕಲು ಆ ಕಕ್ಷಿದಾರರು ಬಂದಾಗ ಒಂದೊಂದೇ ಪುಟ ತಿರುವಿ ನೋಡಿದರು.

"ಆ ಮಿಲ್ಲಿನಾಂವಂದು ಹೆಸ್ರು ಎಲ್ಲೂ ಇಲ್ಲೇನ್ರಿ?"

"ಆರನೇ ಪ್ಯಾರಾದಾಗ ಅದರಿ, ಮಾಲು ತಗೊಂಡಾಂವ ಅಂತ. ಪ್ರತಿವಾದಿ ಅಂತ ಇಲ್ರಿ."

ಆ ಪ್ಯಾರಾ ಹುಡುಕಿ, ಎರಡು ಸಲ ಓದಿ, ಸಹಿ ಮಾಡಿದರು.