ಹಕ್ಕಳೆ ಬಿಟ್ಟಿತು, 17ನೇ ದಿನ

ತಲೆಗೆ ಕೂದಲು ಕಸಿ ಮಾಡಿಸಿಕೊಂಡು ಹದಿನೇಳನೇ ದಿನ. ಇವತ್ತು ಬೆಳಿಗ್ಗೆ ಕೊನೆಯ ಹಕ್ಕಳೆ ಬಿದ್ದಿತು. ಎಡಗಡೆ ಹಣೆಯ ಮೂಲೆ, ಕಣತಲೆಯಿಂದ ಎರಡು ಬೆರಳು ಮೇಲೆ. ಒಂದು ವಾರದಿಂದ ನನ್ನ ನಿದ್ದೆ ಕೆಡಿಸಿದ್ದ ಜಾಗ ಅದು. ಮಗ್ಗಿನಿಂದ ನೀರು ಹೊಯ್ದು ಬೆರಳಿನಿಂದ ಮೆಲ್ಲಗೆ ಸವರಿದೆ. ನುಚ್ಚಕ್ಕಿಯಷ್ಟು ದೊಡ್ಡ ಕಂದು ಚೂರು ಅಂಗೈಗೆ ಬಂತು. ಕನ್ನಡಿಯ ಹತ್ತಿರ ಬಾಗಿ ನೋಡಿದೆ. ರಕ್ತ ಇಲ್ಲ. ಕೆಳಗೆ ನಸುಗೆಂಪು ಚರ್ಮ, ಅದರಲ್ಲಿ ಸಾಲಾಗಿ ಮೊಳೆಯಂಥ ಪುಟ್ಟ ಕೂದಲು. ಬಚ್ಚಲಿನಿಂದಲೇ "ಅಮ್ಮಾ, ಬಿಟ್ಟಿತು!" ಎಂದು ಕೂಗಿದೆ. ಅಮ್ಮ ದೋಸೆಯ ಸಟ್ಟುಗ ಹಿಡಿದುಕೊಂಡೇ ಓಡಿ ಬಂದಳು.

ಮೊದಲ ಒಂಬತ್ತು ದಿನದ ಕತೆ ಜಾಸ್ತಿ ಬರೆಯುವುದಿಲ್ಲ. ಕೂದಲು ಕಸಿ ಮಾಡಿಸಿಕೊಂಡ ಎಲ್ಲರಿಗೂ ಅದು ಗೊತ್ತಿರುವುದೇ. ಜೂನ್ 3ಕ್ಕೆ ಮಂಗಳೂರಿನಲ್ಲಿ, ಹಿಂದಲೆಯ ಕೂದಲಿನ ಬುಡಗಳನ್ನು ಒಂದೊಂದಾಗಿ ತೆಗೆದು ಎದುರಿಗೆ ನೆಡುವ ಎಫ್‌ಯುಇ. 2,140 ಗ್ರಾಫ್ಟ್ (ಹಾಗೆ ತೆಗೆದು ನೆಡುವ ಬುಡ), 0.9 ಮಿ.ಮೀ. ಪಂಚ್ (ಬುಡ ಕೊರೆದು ತೆಗೆಯುವ ಸಣ್ಣ ಕೊಳವೆ). ಬೆಳಿಗ್ಗೆ ಎಂಟಕ್ಕೆ ಮಲಗಿದವನು ಎದ್ದಾಗ ಸಂಜೆ ಐದೂವರೆ. ಜೋಮು ಹಿಡಿಸುವ ಇಂಜೆಕ್ಷನ್ ಬಿಟ್ಟರೆ ಬೇರೆ ನೋವಿಲ್ಲ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ ದಾಟಿ ಊರು ಮುಟ್ಟುವವರೆಗೆ ತಲೆ ಸೀಟಿಗೆ ತಾಗದ ಹಾಗೆ ಕಾರಿನಲ್ಲಿ ನೆಟ್ಟಗೆ ಕೂತಿದ್ದೆ. ಮೂರನೇ ದಿನ ಬಾವು ಹಣೆಯಿಂದ ಕಣ್ಣಿಗೆ ಇಳಿಯಿತು, ಐದನೇ ದಿನ ಹೋಯಿತು. ಮೂರು ದಿಂಬು ಪೇರಿಸಿ ಅರ್ಧ ಕೂತ ಹಾಗೆ ಮಲಗಿದೆ. ಎರಡು ರಾತ್ರಿ ಗಾಳಿಮಳೆಗೆ ಕರೆಂಟು ಹೋದಾಗ ಅಮ್ಮ ಬೀಸಣಿಗೆ ಹಿಡಿದು ಕೂತಿದ್ದಳು. ಅಷ್ಟೇ.

ಜೂನ್ ತಿಂಗಳೇ ಯಾಕೆ ಎಂದು ಕೆಲವರು ಕೇಳಿದ್ದರು. ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ. ಬಡಗುತಿಟ್ಟು ಶೈಲಿ, ಹನ್ನೆರಡು ವರ್ಷದಿಂದ. ಮೇ ಕೊನೆಗೆ ಪತ್ತನಾಜೆ (ವರ್ಷದ ಆಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮಗೂ ಆಟ ಕಡಿಮೆ. ಮತ್ತೆ ತಲೆಗೆ ಮುಂಡಾಸು ಏರುವುದು ನವೆಂಬರ್ ಆದಮೇಲೆ. ಗಾಯ ಮಾಗಲು ಇದಕ್ಕಿಂತ ಒಳ್ಳೆಯ ಸಮಯ ನನಗೆ ಸಿಗುವುದಿಲ್ಲ ಅನಿಸಿತು. ಮಳೆಗಾಲದ ಶೆಖೆ, ಪಸೆ ಎರಡೂ ಇರುತ್ತವೆ ಎಂದು ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಈ ಹಕ್ಕಳೆ.

ಅದಕ್ಕೆ ಮೊದಲು ಸಾಮಾನು ಮಾರುವವರ ಬಗ್ಗೆ ಒಂದು ಮಾತು. ಸಲೈನ್ ಸಿಂಪಡಿಸಲು ಆನ್‌ಲೈನಿನಲ್ಲಿ ತರಿಸಿದ ಬಾಟಲಿ ಮಂಜಿನ ಹಾಗೆ ಹನಿ ಬಿಡಬೇಕಿತ್ತು. ಬಂದದ್ದು ಪಿಚಕಾರಿ! ನೆಟ್ಟು ಎರಡು ದಿನ ಆಗಿರುವ ಗ್ರಾಫ್ಟಿನ ಮೇಲೆ ಅಂಥ ಧಾರೆ ಬಿಟ್ಟರೆ ಏನಾಗಬೇಡ? ದಯವಿಟ್ಟು ನೀವು ಆಪರೇಷನ್ನಿಗೆ ಮೊದಲೇ ಬಾಟಲಿ ತರಿಸಿ ಕೈಮೇಲೆ ಹೊಡೆದು ನೋಡಿ. ನನ್ನನ್ನು ಕಾಪಾಡಿದ್ದು ಅಕ್ಕನ ಮಗಳು. ಇಸ್ತ್ರಿಗೆ ನೀರು ಚಿಮುಕಿಸುವ ಹೊಸ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ತಂದುಕೊಟ್ಟಳು. ಕುತ್ತಿಗೆ ದಿಂಬಂತೂ ಆರನೇ ದಿನ ಬಂತು. ಕಾರಿನಲ್ಲಿ ಹಾಕಿಕೊಂಡದ್ದು ಪಕ್ಕದ ಮನೆಯವರು ಕೊಟ್ಟದ್ದು.

ಈಗ ವಿಷಯಕ್ಕೆ ಬರುತ್ತೇನೆ. ಒಂಬತ್ತು ಹತ್ತು ದಿನಕ್ಕೆ ಗ್ರಾಫ್ಟ್ ಗಟ್ಟಿಯಾಗಿ ಕೂರುತ್ತದೆ. ಅಲ್ಲಿಂದ ಮುಂದೆ ಬೆರಳಿನಿಂದ ಉಜ್ಜಿ ಹಕ್ಕಳೆ ತೆಗೆಯಬಹುದು. ಹತ್ತನೇ ದಿನ ನಾನೂ ಶುರು ಮಾಡಿದೆ. ಬಲಗಡೆ, ನಡುವೆ ಎಲ್ಲ ಸುಲಭವಾಗಿ ಬಿಟ್ಟಿತು. ಎಡ ಮೂಲೆಯಲ್ಲಿ ಮಾತ್ರ ಒಂದು ರೂಪಾಯಿ ನಾಣ್ಯದಷ್ಟು ಜಾಗ ಅಲುಗಲಿಲ್ಲ. ದಪ್ಪಕ್ಕೆ, ಹಳದಿ ಮಿಶ್ರಿತ ಕಂದು ಬಣ್ಣ, ಒಣಗಿದ ಗದ್ದೆಯ ಕೆಸರಿನ ಹಾಗೆ ಬಿರುಕು. ಉಗುರು ಹಾಕಿದರೆ ಒಂದು ನಿಮಿಷದ ಕೆಲಸ. ಆದರೆ ಅದರ ಕೆಳಗೆ ಸುಮಾರು ನೂರು ಗ್ರಾಫ್ಟ್ ಇವೆ. ಒಂದೊಂದನ್ನೂ ಹಿಂದಿನಿಂದ ತೆಗೆದು, ತಣ್ಣನೆ ದ್ರಾವಣದಲ್ಲಿಟ್ಟು, ಸೂಕ್ಷ್ಮವಾಗಿ ನೆಟ್ಟದ್ದು. ಹಿಂದಿನ ಜಾಗದಲ್ಲಿ ತೆಗೆದದ್ದು ಮತ್ತೆ ಹುಟ್ಟುವುದಿಲ್ಲ. ಉಗುರು ಹಾಕಲು ನನಗೆ ಮನಸ್ಸೇ ಬರಲಿಲ್ಲ.

ಮೊದಲು ನೀರಿನ ಮೇಲೆ ಸಂಶಯ ಬಂತು. ನಮ್ಮ ಮನೆ ಹಂಗಾರಕಟ್ಟೆ ಕಡೆ, ಹೊಳೆಬದಿ. ಬೋರಿನ ನೀರು ಸವಳು. ಸೋಪು ಹಾಕಿದರೆ ನೊರೆ ಏಳುವುದಿಲ್ಲ, ಬಕೆಟಿಗೆ ಬಿಳಿ ಗೆರೆ ಕಟ್ಟುತ್ತದೆ. ಈ ನೀರೇ ಕಾರಣ ಎಂದು ಹನ್ನೊಂದನೇ ದಿನ ಮಾವನ ಮನೆಯ ಬಾವಿಯಿಂದ ಎರಡು ಕೊಡ ನೀರು ತರಿಸಿದೆ. ಕುದಿಸಿ, ಆರಿಸಿ, ಸೋಸಿ ಬಳಸಿದೆ. ನೊರೆ ಚೆನ್ನಾಗಿ ಬಂತು. ಹಕ್ಕಳೆ ಕದಲಲಿಲ್ಲ. ಹನ್ನೆರಡನೇ ದಿನ ಅರ್ಧ ಗಂಟೆಗೊಮ್ಮೆ ಸಲೈನ್ ಸಿಂಪಡಿಸಿದೆ. ಸಂಜೆಗೆ ಮೇಲ್ಪದರ ಸ್ವಲ್ಪ ಮೆತ್ತಗಾದ ಹಾಗೆ ಕಂಡಿತು. ಫ್ಯಾನಿನ ಕೆಳಗೆ ಮಲಗಿ ಎದ್ದರೆ ಮತ್ತೆ ಮೊದಲಿನ ಹಾಗೇ.

ಹದಿಮೂರನೇ ದಿನ ಅಮ್ಮ ತೆಂಗಿನೆಣ್ಣೆ ಬಿಸಿ ಮಾಡಿ ತಂದಳು. "ಒಂದು ಚಮಚ ಹಾಕ್ತೇನೆ ಮಗಾ, ರಾತ್ರಿ ಇಟ್ರೆ ಬೆಳಿಗ್ಗೆಗೆ ತನ್ನಿಂತಾನೇ ಬಿಡ್ತದೆ" ಎಂದಳು. ನನಗೂ ಆಸೆಯಾಯಿತು. ಫೋನ್ ಮಾಡಿ ಕೇಳಿದರೆ ಡಾಕ್ಟರು ಬೇಡವೇ ಬೇಡ ಎಂದರು. ಫೋಟೋ ಕಳಿಸಲು ಹೇಳಿದರು. ಫೋಟೋ ನೋಡಿ, "ನಾಳೆ ಬನ್ನಿ" ಎಂದರು.

ಹದಿನಾಲ್ಕನೇ ದಿನ ಧೋ ಎಂದು ಸುರಿಯುವ ಮಳೆಯಲ್ಲಿ ಮತ್ತೆ ಮಂಗಳೂರು. ಡಾಕ್ಟರು ದೊಡ್ಡದಾಗಿ ತೋರಿಸುವ ಲೆನ್ಸ್ ಇಟ್ಟು ನೋಡಿದರು. ಮುಟ್ಟಿ, ಬೆರಳನ್ನು ಬೆರಳಿಗೆ ಉಜ್ಜಿದರು. "ಇಲ್ಲಿಗೆ ಎಂತ ಹಚ್ಚಿದ್ದೀರಿ?" ಎಂದು ಕೇಳಿದರು. ಆಗ ನನಗೆ ಹೊಳೆಯಿತು. ಮುಲಾಮು!

ಹಿಂದಲೆಯಲ್ಲಿ ಕೂದಲು ತೆಗೆದ ಡೋನರ್ ಜಾಗಕ್ಕೆ ಒಂದು ಆಂಟಿಬಯೋಟಿಕ್ ಮುಲಾಮು ಕೊಟ್ಟಿದ್ದರು. ನಾಲ್ಕನೇ ದಿನ ಎಡ ಮೂಲೆಯಲ್ಲಿ ತಡೆಯಲಾರದ ತುರಿಕೆ. ಕ್ಲಿನಿಕ್ಕಿಗೆ ಫೋನ್ ಮಾಡಿದಾಗ ಎತ್ತಿಕೊಂಡ ಸಹಾಯಕರೊಬ್ಬರು "ತುರಿಸುವಲ್ಲಿ ಸ್ವಲ್ಪ ಹಚ್ಚಿ" ಎಂದರು. ಎದುರುಗಡೆಗೂ ಹಚ್ಚಬಹುದಾ ಎಂದು ನಾನು ಬಿಡಿಸಿ ಕೇಳಲಿಲ್ಲ. ತುರಿಕೆ ಯಾವ ಕಡೆ ಎಂದು ಅವರೂ ಕೇಳಲಿಲ್ಲ. ಐದು ದಿನ ಎರಡು ಹೊತ್ತು ಹಚ್ಚಿದೆ. ಆ ಮುಲಾಮು ವ್ಯಾಸಲೀನಿನಂಥ ಜಿಡ್ಡಿನದು. ಗಾಯದಿಂದ ಒಸರಿದ ನೀರು, ಸತ್ತ ಚರ್ಮ, ಜಿಡ್ಡು ಎಲ್ಲ ಒಂದರ ಮೇಲೊಂದು ಕೂತು ಪದರ ಕಟ್ಟಿದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ ನಾನು ಹಾಕಿದ ನೀರೆಲ್ಲ ಮೇಲಿಂದ ಮೇಲೆ ಜಾರಿ ಹೋಗಿದೆ. ಬಾವಿ ನೀರಾದರೇನು, ಬೋರಿನ ನೀರಾದರೇನು?

ಪರಿಹಾರ ಇದ್ದದ್ದು ಸಾಮಾನಿನಲ್ಲಿ ಅಲ್ಲ, ಕ್ರಮದಲ್ಲಿ. ನಾನು ಮೊದಲು ನೆನೆಸಿ ಆಮೇಲೆ ಶಾಂಪೂ ಹಾಕುತ್ತಿದ್ದೆ. ಎಲ್ಲರೂ ಹಾಗೇ ಮಾಡುವುದು, ಜಿಡ್ಡಿಲ್ಲದ ಹಕ್ಕಳೆಗೆ ಅದು ಸರಿಯೇ. ಜಿಡ್ಡಿದ್ದರೆ ಉಲ್ಟಾ ಮಾಡಬೇಕು. ಮೊದಲು ಬೇಬಿ ಶಾಂಪೂವಿನ ನೊರೆ ಇಟ್ಟು ಐದು ನಿಮಿಷ ಸುಮ್ನೆ ಬಿಡಬೇಕು, ಉಜ್ಜಬಾರದು. ಶಾಂಪೂವಿನ ಕಣದ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು. ಹಾಗಾಗಿ ಜಿಡ್ಡು ಎದ್ದು ಬರುತ್ತದೆ. ಮಗ್ಗಿನಲ್ಲಿ ತೊಳೆಯಬೇಕು. ಆಮೇಲೆ ಉಗುರು ಬೆಚ್ಚಗಿನ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಇಪ್ಪತ್ತು ನಿಮಿಷ ಇಡಬೇಕು. ಈಗ ನೀರು ಒಳಗೆ ಇಳಿಯುತ್ತದೆ. ಮತ್ತೊಮ್ಮೆ ನೊರೆ, ಈ ಸಲ ಬೆರಳಿನ ಮೆತ್ತನೆ ಭಾಗದಿಂದ ಅರ್ಧ ನಿಮಿಷ ಸಣ್ಣ ಸುತ್ತು. ಬಂದಷ್ಟು ಬರಲಿ, ಉಳಿದದ್ದು ಸಂಜೆಗೆ. ಡಾಕ್ಟರು ನನ್ನ ತಲೆಯ ಮೇಲೆಯೇ ಮಾಡಿ ತೋರಿಸಿದರು. ಮೊದಲ ಸಲವೇ ಅಂಚಿನ ನಾಲ್ಕು ಚೂರು ಬಿಟ್ಟವು. ಇದು ನನ್ನ ತಲೆಗೆ, ನನ್ನ ಡಾಕ್ಟರು ನೋಡಿ ಹೇಳಿದ ದಾರಿ. ನೀವು ನಿಮ್ಮವರನ್ನು ಕೇಳದೆ ಮಾಡಬೇಡಿ.

ಹದಿನೈದನೇ ದಿನ ಸಂಜೆ ಟವೆಲಿನ ಮೇಲೆ ಹನ್ನೊಂದು ಕೂದಲು. ಎಣಿಸಿದೆ. ಒಂದೊಂದರ ಬುಡದಲ್ಲೂ ಬಿಳಿ ಗಂಟು. ಗ್ರಾಫ್ಟೇ ಕಿತ್ತು ಬಂತು ಎಂದು ಕೈಕಾಲು ತಣ್ಣಗಾಯಿತು. ಊಟ ಸೇರಲಿಲ್ಲ. ಶಾಕ್ ಲಾಸ್ (ಕಸಿಯ ಮೇಲೆ ಕೂದಲು ತಾತ್ಕಾಲಿಕವಾಗಿ ಉದುರುವುದು) ಎಂಬ ಮಾತು ನಮಗೆಲ್ಲ ಬಾಯಿಪಾಠ ಆಗಿದ್ದರೂ ಕೈಯಲ್ಲಿ ಕೂದಲು ಹಿಡಿದುಕೊಂಡಾಗ ಅದು ನೆನಪಿಗೆ ಬರುವುದಿಲ್ಲ. ರಾತ್ರಿ ಡಾಕ್ಟರಿಗೆ ಫೋಟೋ ಕಳಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ರಕ್ತ ಬಂತಾ? ಇಲ್ಲ. ಹಾಗಾದರೆ ಹೋದದ್ದು ಕೂದಲಿನ ಕಡ್ಡಿ ಮಾತ್ರ, ಬೇರು ಒಳಗೇ ಇದೆ. ಬೇರು ಈಗ ವಿಶ್ರಾಂತಿಗೆ ಹೋಗುತ್ತದೆ. ಮೂರು ನಾಲ್ಕು ತಿಂಗಳಿಗೆ ಹೊಸದು ಚಿಗುರುತ್ತದೆ, ಆಮೇಲೆ ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಪೂರ್ತಿ ಕಾಣಲು ಒಂದು ವರ್ಷ ಬೇಕು.

ಅಮ್ಮನಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಎದುರಿನ ಗದ್ದೆಯಲ್ಲಿ ನಟ್ಟಿಗೆ ಉಳುಮೆ ನಡೆದಿದೆ. "ಸಸಿ ಕಿತ್ತು ನೆಟ್ಟ ಮೇಲೆ ಒಂದು ವಾರ ಹಳದಿ ಆಗ್ತದಲ್ಲ, ಹಾಗೇ ಇದು. ಆಗ ಗದ್ದೆಗೆ ಇಳಿದು ಯಾರಾದ್ರೂ ಎಳೆದು ನೋಡ್ತಾರಾ?" ಎಂದಳು. ಅವತ್ತು ರಾತ್ರಿ ನಿದ್ದೆ ಬಂದದ್ದು ಆ ಮಾತಿನಿಂದ.

ಹದಿನಾಲ್ಕನೇ ದಿನದ ಭೇಟಿಯಲ್ಲಿ ಡಾಕ್ಟರು ಇನ್ನೊಂದು ವಿಷಯ ಹೇಳಿದರು. ಅದು ತಲೆಯಲ್ಲಿ ಕೂತುಬಿಟ್ಟಿದೆ. ಹಿಂದಲೆಯ ಕೂದಲು ಎದುರಿಗೆ ಬಂದರೂ ತನ್ನ ಮೂಲ ಗುಣ ಬಿಡುವುದಿಲ್ಲ. 1950ರ ದಶಕದಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ ಇದನ್ನು ತೋರಿಸಿಕೊಟ್ಟರು, ಕಸಿ ನಡೆಯುವುದೇ ಈ ಆಧಾರದ ಮೇಲೆ. ಬೋಳು ಮಾಡುವ ಡಿಎಚ್‌ಟಿ ಹಾರ್ಮೋನನ್ನು ಅದು ತಡೆದುಕೊಳ್ಳುತ್ತದೆ. ಆದರೆ ಎಳೆತವನ್ನು ತಡೆದುಕೊಳ್ಳುವ ಗುಣ ಯಾವ ಕೂದಲಿಗೂ ಇಲ್ಲ. ನನ್ನ ಎರಡು ಮೂಲೆ ಬೋಳಾಗಲು ಅಪ್ಪನಿಂದ ಬಂದದ್ದು ಒಂದು ಕಾರಣ. ಹನ್ನೆರಡು ವರ್ಷದ ಮುಂಡಾಸು ಇನ್ನೊಂದು. "ಮೊದಲಿನ ಹಾಗೇ ಬಿಗಿದರೆ ಇದೂ ಹೋಗ್ತದೆ" ಎಂದರು.

ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೂತವರಿಗೆ ಗೊತ್ತು. ಕರ್ಣನ ಮುಂಡಾಸು ಟೋಪಿಯ ಹಾಗೆ ಎತ್ತಿ ಇಡುವಂಥದ್ದಲ್ಲ. ಪ್ರತಿ ಆಟಕ್ಕೂ ತಲೆಯ ಮೇಲೆಯೇ ಸುತ್ತಿ ಸುತ್ತಿ ಕಟ್ಟಬೇಕು. ಸಡಿಲವಾದರೆ ಮಂಡಿ ಹಾಕುವಾಗ ಜಾರುತ್ತದೆ. ಹಾಗಾಗಿ ಮೊದಲ ಪಟ್ಟಿಯನ್ನು ಹಣೆಯ ಸುತ್ತ ಜೀವ ಹೋಗುವಷ್ಟು ಬಿಗಿಯುತ್ತಾರೆ. ಬೆಳಗಿನ ಜಾವ ಬಿಚ್ಚುವಾಗ ಬಟ್ಟೆಯ ಜೊತೆ ಕೂದಲೂ ಬರುತ್ತದೆ. ವೇಷ ಬಿಡುವ ಯೋಚನೆ ನನಗೆ ಒಂದು ಕ್ಷಣವೂ ಬಂದಿಲ್ಲ. ಕಟ್ಟುವ ಕ್ರಮ ಬದಲಾಯಿಸಬಹುದಾ ಎಂಬ ಯೋಚನೆ ಮಾತ್ರ ಬಂದಿದೆ.

ಮುಂದಿನ ಕೆಲಸ ಅದೇ. ಮುಟ್ಟಾಳೆ! ಗದ್ದೆಗೆ ಹಾಕಿಕೊಂಡು ಹೋಗುವ ಅಡಿಕೆ ಹಾಳೆಯ ಟೋಪಿ. ಹಗುರ, ಗಡುಸು, ತಲೆಯ ಆಕಾರಕ್ಕೆ ಬಗ್ಗುತ್ತದೆ. ಅದನ್ನು ಮುಂಡಾಸಿನ ಒಳಗಿನ ಚಿಪ್ಪಾಗಿ ಬಳಸಿದರೆ ಪಟ್ಟಿಯ ಬಿಗಿತ ಹಾಳೆಯ ಮೇಲೆ ಹರಡುತ್ತದೆ, ಒಂದೇ ಗೆರೆಯಲ್ಲಿ ಚರ್ಮಕ್ಕೆ ಕಚ್ಚುವುದಿಲ್ಲ. ಭಾರ ನೆತ್ತಿಗೆ ಬರಬೇಕು. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರು ಸಿಂಬೆ ಇಟ್ಟುಕೊಳ್ಳುವುದು ನೆತ್ತಿಯ ಮೇಲೆಯೇ ಅಲ್ವಾ? ಒಳಗೆ ಹಳೆಯ ಪಂಚೆಯ ಮೆತ್ತನೆ ಬಟ್ಟೆಯ ಸಿಂಬೆ, ಅದರ ಮೇಲೆ ಹಾಳೆ, ಅದರ ಮೇಲೆ ಮುಂಡಾಸು. ಎದುರಿನ ಅಂಚನ್ನು ಎರಡು ಬೆರಳು ಹಿಂದೆ ಕತ್ತರಿಸಿದರೆ ಎಡ ಮೂಲೆಗೆ ಏನೂ ತಾಗುವುದಿಲ್ಲ.

ನಮ್ಮ ತಂಡಕ್ಕೆ ವೇಷ ಕಟ್ಟುವ ಶೆಟ್ರಿಗೆ ಫೋನಿನಲ್ಲಿ ಹೇಳಿದೆ. "ಹಾಳೆ ಬೆವರಿಗೆ ಮೆತ್ತಗಾಗ್ತದೆ ಮಾರಾಯ. ಕರ್ಣನ ರಥ ಹುಗಿಯುವ ಮೊದಲೇ ನಿನ್ನ ತಲೆ ಹುಗಿದೀತು" ಎಂದು ನಕ್ಕರು. ಅವರು ಹೇಳಿದ್ದು ನಿಜ. ನೆನೆದ ಹಾಳೆ ಬಾಗುವುದರಿಂದಲೇ ಟೋಪಿ ಹೊಲಿಯಲು ಆಗುವುದು. ದೋಣಿಗೆ ಹಚ್ಚುವ ಗೇರೆಣ್ಣೆ ಬಳಿದರೆ ನೀರು ಹಿಡಿಯುವುದಿಲ್ಲ. ಆದರೆ ಅದು ಚರ್ಮ ಸುಡುತ್ತದೆ, ತಲೆಯ ಹತ್ತಿರ ತರುವಂತಿಲ್ಲ. ಜೇನುಮೇಣ ಕರಗಿಸಿ ಎರಡೂ ಕಡೆ ಬಳಿದು ನೋಡಬೇಕು. ಎರಡು ಹಾಳೆಯನ್ನು ನಾರು ಅಡ್ಡಡ್ಡ ಬರುವ ಹಾಗೆ ಜೋಡಿಸಿದರೆ ಇನ್ನೂ ಗಟ್ಟಿ. ಶೆಟ್ರು ಕೊನೆಗೆ, "ತಾ, ಕಟ್ಟಿ ನೋಡುವ. ಮೊದಲು ನನ್ನ ತಲೆಗೇ ಕಟ್ಟುವ, ನಿನ್ನದು ಹಸಿ ಉಂಟಲ್ಲ" ಎಂದರು.

ನನ್ನ ತಲೆಗೆ ಡಿಸೆಂಬರಿನ ಮೊದಲು ಏನೂ ಕಟ್ಟುವುದಿಲ್ಲ. ಅದೂ ಡಾಕ್ಟರು ನೋಡಿ ಹೂಂ ಎಂದ ಮೇಲೆ. ಸ್ಕೂಟರು ಶೆಡ್ಡಿನಲ್ಲಿದೆ, ಹೆಲ್ಮೆಟ್ ಬೇಡ ಎಂದು ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತಿದ್ದೇನೆ. ಮೊದಲ ಆಟಕ್ಕೆ ಕರ್ಣ ಬೇಡ, ಅಭಿಮನ್ಯು ಕೊಡಿ ಎಂದು ಕೇಳಿದ್ದೇನೆ. ಅಭಿಮನ್ಯುವಿನ ತಲೆಗೆ ಕಟ್ಟುವ ಕೇದಗೆ ಮುಂದಲೆ ಮುಂಡಾಸಿನಷ್ಟು ಭಾರವಿಲ್ಲ.

ಮಧ್ಯಾಹ್ನ ತೋಟಕ್ಕೆ ಹೋಗಿ ಬಿದ್ದ ಹಾಳೆಗಳಲ್ಲಿ ಅಗಲವಾದ ಮೂರನ್ನು ಆರಿಸಿ ತಂದೆ. ಬಚ್ಚಲಿನ ಬಕೆಟಿನಲ್ಲಿ ನೆನೆಹಾಕಿದ್ದೇನೆ, ಬಾವಿಯಿಂದ ತಂದು ಉಳಿದಿದ್ದ ನೀರಿನಲ್ಲಿ.