ಹಳೇ ಡೆಸ್ಕ್‌ಟಾಪಿಗೆ ಹೊಸ ಜೀವ

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ನಮ್ಮದು ಆರನೆಯದು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಚಿಪ್ಪುಗಳಲ್ಲೇ ಫೈಲು ಇಡುವ ಎಸ್‌ಎಸ್‌ಡಿ ಕೂರಿಸಿದೆ, ರ‍್ಯಾಮ್ 4 ಜಿಬಿಯಿಂದ 8ಕ್ಕೆ ಏರಿಸಿದೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದೆ. ಕೇಸ್ ತೆರೆದರೆ ಫ್ಯಾನಿನ ರೆಕ್ಕೆಗಳ ಮೇಲೆ ಕಂಬಳಿ ಹೊದಿಸಿದಂತೆ ಧೂಳು!

ಈಗ ಆನ್ ಮಾಡಿದರೆ ಕಾಯುವ ಮಾತೇ ಇಲ್ಲ. ಸುಮ್ನೆ ಪ್ರೊಸೆಸರ್‌ಗೆ ವಯಸ್ಸಾಯಿತು ಅನ್ನುತ್ತೇವೆ, ಆದರೆ ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ತಿರುಗುವ ತಟ್ಟೆಯ ಮೇಲೆ ಹಾರ್ಡ್ ಡಿಸ್ಕಿನ ಹೆಡ್ ಅತ್ತಿಂದಿತ್ತ ಓಡಾಡಿ ಫೈಲಿನ ಚೂರುಗಳನ್ನು ಹುಡುಕುವುದರಲ್ಲಿ, ಎಸ್‌ಎಸ್‌ಡಿಯಲ್ಲಿ ಆ ಓಡಾಟವೇ ಇಲ್ಲ, ಅಲ್ವಾ? ಸ್ಕ್ಯಾನರ್ ಮಾತ್ರ ಇನ್ನೂ ಮಾತು ಕೇಳುತ್ತಿಲ್ಲ. ಭಾನುವಾರ ನೋಡಿಕೊಳ್ಳುತ್ತೇನೆ.